ದೇವರ ಗೂಡಿನಲ್ಲಿ ಥರ್ಮೋಸ್ಟಾಟ್

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು, ಗ್ರಹಣದ ಹೊತ್ತಿನಲ್ಲಿ ಮಕ್ಕಳೆದುರು ಧೈರ್ಯವಾಗಿ ಚಕ್ಕುಲಿ ತಿಂದು ತೋರಿಸಿದವನು, ಆಮೇಲೆ ಮನೆಗೆ ಬಂದು ಸಂಜೆಯವರೆಗೂ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೊನ್ನಾಳಿ ತಲುಪಿದ ಮೇಲೆ ನೆನಪಾಗಿ, ಮುಂದಿನ ಬಸ್ಸಿಗೇ ನ್ಯಾಮತಿಗೆ ವಾಪಸು ಬಂದದ್ದೂ ಉಂಟು. ‘ನಿಮಗೆ ಚಿಂತೆ ಇಲ್ಲ ಅಂದ್ರೆ ಅದೇ ಒಂದು ಚಿಂತೆ ಆಗ್ತೈತೆ’ ಎನ್ನುತ್ತಾಳೆ ನನ್ನ ಹೆಂಡತಿ ಸರೋಜ.

ಇಂಥವನ ಮನೆಗೆ ಈ ಸಲದ ಚಳಿಯಲ್ಲಿ ತಿಂಗಳು ತುಂಬದ ಕೂಸೊಂದು ಬಂತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಸುಮಾ ಐದು ವಾರ ಮೊದಲೇ ಹೆತ್ತಳು. ಮೂರು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಕೋಣೆ ಬೆಚ್ಚಗಿರಲಿ, ಹೊಗೆ ಮಾತ್ರ ಬೇಡ. ಅಲ್ಲಿಗೆ ಸರೋಜ ಸಿದ್ಧಮಾಡಿಟ್ಟಿದ್ದ ಅಗ್ಗಿಷ್ಟಿಕೆ, ಕೆಂಡ, ಲೋಬಾನ ಎಲ್ಲ ರದ್ದಾದವು. ನಮ್ಮ ಕಡೆ ಮನೆ ಕಾಯಿಸುವ ಕೆಲಸವನ್ನು ನಾವು ಬೇಡವೆಂದರೂ ಸೂರ್ಯನೇ ಬಿಡದೆ ಮಾಡುತ್ತಾನೆ. ಹೀಗಾಗಿ ಅದಕ್ಕೊಂದು ಯಂತ್ರ ಬೇಕೆಂದು ಯಾರಿಗೂ ಹೊಳೆದಿಲ್ಲ. ಚನ್ನಗಿರಿಯ ಅಂಗಡಿಯಲ್ಲಿ ಹೀಟರ್ ಕೇಳಿದರೆ ನೀರು ಕಾಯಿಸುವ ಕಾಯಿಲ್ ತಂದಿಟ್ಟರು. ‘ನೀರಿಗಲ್ಲ, ರೂಮ್ ಕಾಯಿಸಾಕೆ’ ಎಂದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಶಿವರಾತ್ರಿ ತನಕ ತಡಕೊಳ್ರಿ ಸರ್, ಪುಕ್ಕಟೆ ಕಾಯ್ತೈತೆ’ ಎಂದರು.

ಕೊನೆಗೆ ಕೈಹಿಡಿದವನು ಎಲೆಕ್ಟ್ರಿಷಿಯನ್ ನಜೀರ. ನನ್ನ ಹಳೆಯ ಶಿಷ್ಯ. ಎಂಟನೇ ಕ್ಲಾಸನ್ನು ಅವನು ಕೂತು ಓದಿದ್ದಕ್ಕಿಂತ ಬೆಂಚಿನ ಮೇಲೆ ನಿಂತು ಓದಿದ್ದೇ ಹೆಚ್ಚು, ನಿಲ್ಲಿಸಿದವನು ನಾನೇ. ಅವನು ಎಲ್ಲಿಂದಲೋ ಹೀಟರ್ ತರಿಸಿಕೊಟ್ಟ. ಆದರೆ ಪುಕ್ಕಲನಿಗೆ ಚಳಿಯೂ ಭಯ, ಸೆಕೆಯೂ ಭಯ. ಕೂಸು ಬೆಂದುಹೋದೀತೆಂದು ಆರಿಸುವುದು, ಹೆಪ್ಪುಗಟ್ಟೀತೆಂದು ಹಚ್ಚುವುದು. ಎರಡು ದಿನ ಸ್ವಿಚ್ಚಿನ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತೆ. ಮೂರನೆಯ ದಿನ ಸುಮಾಳೇ ಅವನಿಗೆ ಫೋನ್ ಮಾಡಿ, ‘ನಜೀರಣ್ಣ, ಅಪ್ಪನ್ನ ಇಲ್ಲಿಂದ ಎಬ್ಬಿಸಾಕೆ ಏನಾದ್ರೂ ಮಿಷನ್ ಇದ್ರೆ ಹಾಕಿಕೊಡ್ರಿ’ ಎಂದಳು.

ಅವನು ತಂದದ್ದು ವೈರ್‌ಲೆಸ್ ಥರ್ಮೋಸ್ಟಾಟ್. ಎರಡು ಭಾಗ. ಒಂದು ಹೀಟರಿನ ಪ್ಲಗ್ಗಿಗೆ ಅಂಟಿಕೊಳ್ಳುವುದು. ಇನ್ನೊಂದು ಸೋಪಿನ ಡಬ್ಬಿಯಷ್ಟು ದೊಡ್ಡದು, ಮೇಲೆ ಅಂಕಿ ಕಾಣುತ್ತದೆ. ‘ಈ ಡಬ್ಬಿ ಬಿಸಿ ಎಷ್ಟೈತೆ ಅಂತ ನೋಡಿ ಹೀಟರಿಗೆ ಹೇಳ್ತೈತೆ ಸರ್. ಇಪ್ಪತ್ತೆಂಟಕ್ಕೆ ಇಟ್ಟೀನಿ. ಕಡಿಮೆ ಆದ್ರೆ ಹತ್ಕೊಂತೈತೆ, ಜಾಸ್ತಿ ಆದ್ರೆ ಆರ್ತೈತೆ. ವೈರ್ ಇಲ್ಲ, ಮನ್ಯಾಗೆ ಎಲ್ಲಿಟ್ರೂ ಸಿಗ್ನಲ್ ಸಿಗ್ತೈತೆ’ ಎಂದು ತೊಟ್ಟಿಲ ಪಕ್ಕದ ಮೇಜಿನ ಮೇಲಿಟ್ಟು ಹೋದ.

ಅವನು ಗೇಟು ದಾಟುವ ಮೊದಲೇ ನನಗೆ ಹೊಸ ಚಿಂತೆ ಹುಟ್ಟಿತು. ವೈರಿಲ್ಲದೆ ಮಾತಾಡುವ ವಸ್ತು ಕೂಸಿನ ತಲೆಯ ಹತ್ತಿರ ಯಾಕೆ? ಎಲ್ಲಿಟ್ಟರೂ ನಡೆಯುತ್ತದೆ ಎಂದು ಅವನೇ ಹೇಳಿದ್ದಾನೆ. ನಮ್ಮ ಮನೆಯಲ್ಲಿ ಕಳೆಯಬಾರದ, ಕೆಡಬಾರದ ವಸ್ತುಗಳಿಗೆಲ್ಲ ಇರುವುದು ಒಂದೇ ಜಾಗ, ನಡುಮನೆಯ ದೇವರ ಗೂಡು. ಗ್ಯಾಸಿನ ಪುಸ್ತಕ, ಸ್ಕೂಟರಿನ ಇನ್ನೊಂದು ಕೀ, ನನ್ನ ನಿವೃತ್ತಿಯ ಆದೇಶ ಎಲ್ಲವೂ ಅಲ್ಲೇ. ಗೂಡು ಎತ್ತರದಲ್ಲಿದೆ, ಶಾಲೆಯ ಹರಾಜಿನಲ್ಲಿ ತಂದ ಹಳೆಯ ಬೆಂಚು ಹತ್ತಬೇಕು. ಹತ್ತಿ ಇಟ್ಟೆ. ಸರೋಜ ಅದಕ್ಕೆ ಕುಂಕುಮ ಹಚ್ಚಿದಳು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಯಾರಿಗೂ ಹೇಳದೆ, ಕೂಸು ಮೈ ತುಂಬಿಕೊಳ್ಳುವ ತನಕ ಗೂಡಿನ ದೀಪ ಆರಗೊಡುವುದಿಲ್ಲ ಎಂದು ಹರಕೆ ಹೊತ್ತೆ. ಅದೂ ಚಕ್ಕುಲಿ ತಿಂದು ತೋರಿಸಿದ ಮೇಷ್ಟ್ರು.

ಮರುದಿನ ಬೆಳಗ್ಗೆ ಮಂಜು ಕಿಟಕಿಗೇ ಬಂದು ನಿಂತಿತ್ತು. ‘ಅಪ್ಪಾ, ಕೂಸಿನ ಪಾದ ತಣ್ಣಗೆ ಅದಾವೆ’ ಎಂದಳು ಸುಮಾ. ನಾನು ಬೆಂಚು ಹತ್ತಿ ಡಬ್ಬಿ ನೋಡಿ, ‘ಮೂವತ್ತನಾಲ್ಕು ತೋರಿಸ್ತೈತೆ, ಹೆಂಗೆ ತಣ್ಣಗಿರ್ತಾವೆ?’ ಎಂದೆ. ಹೀಟರ್ ಮುಟ್ಟಿದರೆ ಹೆಣದಂತಿತ್ತು. ಸರೋಜ ಕೂಸನ್ನು ಸುಮಾಳ ಎದೆಗೆ ಅವಚಿಸಿ, ಇಬ್ಬರ ಮೇಲೂ ಕಂಬಳಿ ಹೊದಿಸಿದಳು. ‘ನಿಮ್ಮ ಡಬ್ಬಿಗೆ ಪಾದ ಐತೇನ್ರೀ?’ ಎಂದು ಕೇಳಿ, ಅಗ್ಗಿಷ್ಟಿಕೆಗೆ ಇದ್ದಿಲು ಹುಡುಕಲು ಹಿತ್ತಲಿಗೆ ಹೊರಟಳು. ಕೆಂಡ ಬಂದರೆ ಹೊಗೆ, ಬರದಿದ್ದರೆ ಚಳಿ. ಆಸ್ಪತ್ರೆಗೆ ಮತ್ತೆ ಹೋಗಬೇಕಾದೀತೆಂಬ ಭಯಕ್ಕೆ ನನಗೆ ಮಾಡಲು ತೋಚಿದ್ದು ಎರಡೇ ಕೆಲಸ: ನಜೀರನಿಗೆ ಫೋನ್ ಮಾಡಿದೆ, ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿ ಬತ್ತಿ ಮುಂದೆ ತಳ್ಳಿದೆ. ಡಬ್ಬಿ ಮೂವತ್ತಾರಕ್ಕೇರಿತು.

ನಜೀರ ಬೈಕಿನಲ್ಲಿ ಹತ್ತು ನಿಮಿಷಕ್ಕೆ ಬಂದ. ಹೀಟರ್ ನೋಡಿದ, ಪ್ಲಗ್ ನೋಡಿದ, ಖಾಲಿ ಮೇಜು ನೋಡಿದ. ಆಮೇಲೆ ನಡುಮನೆಗೆ ಬಂದು ತಲೆಯೆತ್ತಿ ಗೂಡಿನ ಕಡೆ ಸ್ವಲ್ಪ ಹೊತ್ತು ನೋಡುತ್ತಾ ನಿಂತ.

‘ಸರ್, ಅದು ದೇವರಿಗೆ ಚಳಿ ಆಗ್ತೈತೇನು ಅಂತ ನೋಡ್ತಾ ಐತೆ. ಕೂಸಿಂದು ಅದಕ್ಕೆ ಗೊತ್ತಿಲ್ಲ.’

ಇದ್ದಿಲಿನ ಬುಟ್ಟಿ ಹಿಡಿದು ಬಂದ ಸರೋಜ, ‘ನಾನು ದೀಪ ಹಚ್ಚಿದ್ದು ನಿನ್ನೆ ಬೆಳಗ್ಗೆ ಒಂದ್ಸಲ. ಇಷ್ಟು ಎಣ್ಣೆ ಹಾಕಿದವರು ಯಾರು?’ ಎಂದಳು.

‘ಥರ್ಮಾಮೀಟರು ತಾನಿದ್ದ ಜಾಗದ ಬಿಸಿ ಹೇಳ್ತೈತೆ, ಬ್ಯಾರೆ ಕಡೆಯದ್ದು ಹೇಳಲ್ಲ ಅಂತ ನೀವೇ ಕಲಿಸಿದ್ರಿ ಸರ್’ ಎಂದ ನಜೀರ, ಮೆಲ್ಲಗೆ. ‘ಅವತ್ತು ನಾನು ಹೇಳಲಿಲ್ಲ ಅಂತ ಪೀರಿಯಡ್ ಪೂರ್ತಿ ನಿಲ್ಲಿಸಿದ್ರಿ. ಆಮೇಲೆ ಮರೆತಿಲ್ಲ ನೋಡ್ರಿ. ದೇವರ ಗೂಡು, ನಾನು ಕೈ ಹಾಕಲ್ಲ. ನೀವೇ ಹತ್ತಿ ಇಳಿಸಿಕೊಡ್ರಿ.’

ಹತ್ತಿದೆ. ಕುಂಕುಮ ಸಮೇತ ಡಬ್ಬಿಯನ್ನು ಅವನ ಕೈಗಿಟ್ಟೆ. ಅವನು ಒಳಗೆ ಹೋಗಿ ಮೇಜಿನ ಮೇಲಿಟ್ಟ. ಅಂಕಿ ಒಂದೊಂದೇ ಇಳಿಯಿತು, ಇಪ್ಪತ್ತೇಳಕ್ಕೆ ಬರುತ್ತಿದ್ದಂತೆ ಹೀಟರ್ ಟಕ್ ಎಂದು ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಸುಮಾಳ ದನಿ ಕೇಳಿತು: ‘ಅಮ್ಮಾ, ಪಾದ ಬೆಚ್ಚಗಾದ್ವು.’ ಸರೋಜ ಇದ್ದಿಲಿನ ಬುಟ್ಟಿ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ನಜೀರ ನಡುಮನೆಗೆ ವಾಪಸು ಬಂದಾಗಲೂ ನಾನು ಬೆಂಚಿನ ಮೇಲೆಯೇ ನಿಂತಿದ್ದೆ. ಅವನು ನಗಲಿಲ್ಲ. ಕೈಕಟ್ಟಿಕೊಂಡು ಗೋಡೆಗೊರಗಿ, ಥೇಟ್ ಮೇಷ್ಟ್ರ ಹಾಗೆ ನನ್ನನ್ನೊಮ್ಮೆ ನೋಡಿದ.

‘ಇನ್ನು ಇಳೀರಿ ಸರ್’ ಎಂದ.

ಇಳಿದೆ.