ಹೊಗೆಯ ಇಳುವರಿ

ಪ್ರಪಂಚದಲ್ಲಿ ಮೊಟ್ಟಮೊದಲು ಹೊಗೆಯಿಂದ ಎಣ್ಣೆ ಹಿಂಡಿದವನು ನಾನು. ಇದು ಶುದ್ಧ ಸುಳ್ಳು. ಮೆಕ್ಯಾನಿಕ್ಕುಗಳು ನಾನು ಹುಟ್ಟುವ ಮುಂಚಿನಿಂದಲೂ ಮಾಡಿಕೊಂಡು ಬಂದಿದ್ದಾರೆ. ಆದರೆ ನೀರು ಸರಬರಾಜು ಕಚೇರಿಯ ಗೋಡೆಯ ಮೇಲೆ ಹಾಗೇ ಬರೆಸಿದ್ದಾರೆ. ಸರ್ಕಾರಿ ಗೋಡೆಯನ್ನು ಸುಳ್ಳು ಮಾಡುವುದಕ್ಕೆ ನಾನ್ಯಾರು?

ಆ ಕಚೇರಿಯ ಹಳೇ ಜೀಪು ಓಡಿಸುವವರು ನಮ್ಮ ಭಾವ. ಎಂಜಿನ್ ಸವೆದು, ಅದರ ಉಸಿರು ಪೈಪಿನಿಂದ ಎಣ್ಣೆಯ ಆವಿ ಎದ್ದು, ಸಾಹೇಬರ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು. ರಿಪೇರಿಗೆ ಮಂಜೂರಾತಿ ಇಲ್ಲ. ತಪಾಸಣೆಯ ದಿನವೂ ಹೀಗೇ ಆದರೆ ಜೀಪು ಗುಜರಿಗೆ, ಡ್ರೈವರು ಫೈಲು ಹೊರುವುದಕ್ಕೆ ಎಂದು ಸಾಹೇಬರು ಹೇಳಿಬಿಟ್ಟರು.

ಅಕ್ಕ ನನ್ನನ್ನು ಕರೆಸಿದಳು. "ಹುಟ್ಟಿದಾಗಿಂದ ಬರೀ ಕಿತಾಪತಿ ಮಾಡ್ಕೊಂಡೇ ಬಂದಿದ್ದೀಯ. ಒಂದ್ಸಲ ಮನೆಗೆ ಉಪಯೋಗ ಆಗೋ ಹಾಗೆ ಮಾಡು. ಸ್ಟೇರಿಂಗ್ ಕೈ ತಪ್ಪಿದರೆ ನಿಮ್ಮ ಭಾವ ಊಟ ಬಿಡ್ತಾರೆ."

"ಬಿಟ್ಟರೆ ನಿನಗೇ ಉಳಿತಾಯ ಅಲ್ವಾ ಅಕ್ಕ?"

ಅಕ್ಕ ಸೌಟು ಎತ್ತಿದಳು. ನಾನು ಕೆಲಸಕ್ಕೆ ಇಳಿದೆ.

ನನ್ನ ಚಹಾದ ಫ್ಲಾಸ್ಕಿನ ಮುಚ್ಚಳಕ್ಕೆ ಎರಡು ತೂತು ಕೊರೆದು, ಒಳಗೆ ಅಕ್ಕನ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, ಒಂದು ತೂತಿಗೆ ಎಂಜಿನ್ನಿನ ಆ ಉಸಿರು ಪೈಪು ಸಿಕ್ಕಿಸಿದೆ. ಆವಿ ಅದರಿಂದ ಒಳಗೆ ಹೋಗಿ, ತನ್ನ ಎಣ್ಣೆಯನ್ನು ನಾರಿಗೆ ಒಪ್ಪಿಸಿ, ಇನ್ನೊಂದರಿಂದ ಸಭ್ಯವಾಗಿ ಹೊರಬಂತು.

ತಪಾಸಣೆಗೆ ಬಂದ ಹಿರಿಯ ಅಧಿಕಾರಿಗಳು ಬಾನೆಟ್ ಎತ್ತಿಸಿದರು, ಫ್ಲಾಸ್ಕ್ ಬಗ್ಗಿಸಿದರು. ಕಪ್ಪು ಎಣ್ಣೆ ಸುರಿಯಿತು.

"ಏನ್ರೀ ಇದು?"

ಭಾವ ನನ್ನ ಕಡೆ ಕೈ ತೋರಿಸಿದರು. ಬಾನೆಟ್ ಹಿಡಿದು ನಿಂತಿದ್ದ ನಾನೇ ಅಂದೆ, "ಉತ್ಪಾದನೆ ಸಾರ್."

"ಮತ್ತೆ ಉಳಿದ ಜೀಪುಗಳಲ್ಲಿ ಯಾಕೆ ಬರ್ತಿಲ್ಲ?"

"ಅವು ಹೊಸವು ಸಾರ್. ಇನ್ನೂ ಅನುಭವ ಸಾಲದು."

ಅಧಿಕಾರಿಗಳು ತಲೆದೂಗಿದರು. ಆ ವಾರವೇ ಆದೇಶ ಹೊರಟಿತು:

"ಕಚೇರಿಯ ಸಮಸ್ತ ವಾಹನಗಳೂ ಪ್ರತಿ ತಿಂಗಳು ಒಂದು ಫ್ಲಾಸ್ಕ್ ಎಣ್ಣೆ ಉತ್ಪಾದಿಸತಕ್ಕದ್ದು. ಎಂಜಿನ್ ರಿಪೇರಿಯಿಂದ ಇಳುವರಿ ಕುಂಠಿತಗೊಳ್ಳುವ ಕಾರಣ, ಸದರಿ ಕೃತ್ಯವನ್ನು ಶಿಸ್ತಿನ ಉಲ್ಲಂಘನೆಯೆಂದು ಪರಿಗಣಿಸಲಾಗುವುದು."

ಹೊಸ ಜೀಪಿನ ಡ್ರೈವರುಗಳಿಗೆ ನೋಟೀಸು ಬಂತು. ಪಾಪ, ಅವರೂ ಮಕ್ಕಳೊಂದಿಗರು. ಎಂಜಿನ್ ಬೇಗ ಸವೆಯಲೆಂದು ಅದಕ್ಕೆ ಹಿಡಿ ಹಿಡಿ ಮರಳು ಸುರಿದು ಕರ್ತವ್ಯನಿಷ್ಠೆ ತೋರಿದರು. ನಮ್ಮ ಜೀಪನ್ನು ಮಾತ್ರ, ಇಂಥ ಫಲವತ್ತಾದ ಗಾಡಿ ಕುಲುಕಿದರೆ ಎಣ್ಣೆ ಚೆಲ್ಲೀತೆಂದು, ಶೆಡ್ಡಿನಲ್ಲೇ ನಿಲ್ಲಿಸಿ ಬೆಳಗಿನಿಂದ ಸಂಜೆವರೆಗೆ ಎಂಜಿನ್ ಚಾಲೂ ಇಡುತ್ತಾರೆ. ಡ್ರಮ್ಮುಗಟ್ಟಲೆ ಡೀಸೆಲ್ ಹೋಗುತ್ತದೆ, ಫ್ಲಾಸ್ಕ್ ತುಂಬ ಎಣ್ಣೆ ಬರುತ್ತದೆ. ಸಾಹೇಬರು ನಡೆದುಕೊಂಡು ಓಡಾಡುತ್ತಾರೆ; ಅಂಗಿ ಹಾಲಿನ ಹಾಗಿದೆ. ನಲ್ಲಿಯಲ್ಲಿ ನೀರು ಬರ್ತಿಲ್ಲ ಎಂದು ಜಗಳಕ್ಕೆ ಬಂದವರು ಕೂಡ ಎಣ್ಣೆ ನೋಡಿ ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಭಾವನ ಸ್ಟೇರಿಂಗ್ ಉಳಿಯಿತು. ದಿನವಿಡೀ ಅದನ್ನು ಹಿಡಿದು, ಶೆಡ್ಡಿನ ಗೋಡೆ ನೋಡುತ್ತಾ ಕೂರುತ್ತಾರೆ. ಆಗೊಮ್ಮೆ ಈಗೊಮ್ಮೆ ಹಾರ್ನ್ ಕೂಡ ಹೊಡೆಯುತ್ತಾರೆ.

"ಹೇಗಿದೆ ಭಾವ ಕೆಲಸ?" ಅಂದೆ.

"ಗುಂಡಿಗಳ ಕಾಟ ಇಲ್ಲ ಕಣೋ."

ಫ್ಲಾಸ್ಕ್ ಏನಾಯಿತು ಅಂತೀರಾ? ಅದೀಗ ಸರ್ಕಾರಿ ಸ್ವತ್ತು, ಅರಗಿನ ಮೊಹರು ಬಿದ್ದಿದೆ. ಅದಕ್ಕೇ ನೋಡಿ, ದಿನಾ ಈ ಚಹಾದ ಅಂಗಡಿಗೆ ಬರೋ ಹಾಗಾಯಿತು. ದೇಶಕ್ಕೆ ಫ್ಲಾಸ್ಕ್ ಕೊಟ್ಟವನು ಚಹಾದ ಕಾಸೂ ತಾನೇ ಕೊಟ್ಟರೆ ನೋಡಿದವರು ಏನಂದಾರು? ನಿಮ್ಮದರ ಜೊತೆ ನನ್ನದೂ ಸೇರಿಸಿ ಕೊಟ್ಟುಬಿಡಿ.