ಮೀಸೆಯ ತೂಕ

ಡ್ರಿಲ್ ಮೇಷ್ಟ್ರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ದೂರು: ಇಲ್ಲಿ ಯಾರೂ ನೆಟ್ಟಗೆ ನಿಲ್ಲುವುದಿಲ್ಲ. ಶಾಲೆಯ ಮಕ್ಕಳು ಒಂದು ಕಾಲಿನ ಮೇಲೆ ನಿಲ್ಲುತ್ತಾರೆ, ಗಣಿತದ ಮೇಷ್ಟ್ರು ಗೋಡೆಯ ಮೇಲೆ ಭಾರ ಹಾಕಿ ನಿಲ್ಲುತ್ತಾರೆ, ಬಸ್ಸಿಗೆ ಕಾಯುವವರಂತೂ ಕಂಬಕ್ಕೆ ಒರಗಿಕೊಂಡೇ ಹುಟ್ಟಿದವರ ಹಾಗೆ ಕಾಣುತ್ತಾರೆ. ಇಂಥ ಬಾಗಿದ ಪ್ರಪಂಚದಲ್ಲಿ ನೆಟ್ಟಗೆ ಉಳಿದಿರುವುದು ಎರಡೇ ವಸ್ತು ಎಂದು ಅವರ ದೃಢವಾದ ನಂಬಿಕೆ. ಒಂದು ಅವರ ಬೆನ್ನು, ಇನ್ನೊಂದು ಅವರ ಮೀಸೆ. (ಹಿಂದೆ ಶಾಲೆಯ ಧ್ವಜದ ಕಂಬವೂ ಈ ಪಟ್ಟಿಯಲ್ಲಿತ್ತು. ಈಚೆಗೆ ಅದು ಸ್ವಲ್ಪ ವಾಲಿದ ಮೇಲೆ ಮೇಷ್ಟ್ರು ಅದನ್ನು ಕೈಬಿಟ್ಟರು.) ಆ ಮೀಸೆಗೆ ಬೆಳಿಗ್ಗೆ ಎಣ್ಣೆ, ಸಂಜೆ ಬಾಚಣಿಗೆ, ಮಲಗುವಾಗ ಒಂದು ಸಲ ಕನ್ನಡಿಯ ದರ್ಶನ. ಅವರು ಹೆಂಡತಿಯ ಹುಟ್ಟುಹಬ್ಬ ಮರೆತದ್ದುಂಟು, ಮೀಸೆಯ ಎಣ್ಣೆ ಮರೆತದ್ದಿಲ್ಲ.

ಹೆಂಡತಿಯದು ಬೇರೆಯೇ ಲೋಕ. ಅವಳು ಊಟದ ಮೇಜಿನ ಒಂದು ತುದಿಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಆಟ ಮಾಡುವವಳು. ಆಡುವವಳಲ್ಲ, ಮಾಡುವವಳು. ಈ ವ್ಯತ್ಯಾಸವನ್ನು ನೆಂಟರಿಗೆ ಬಿಡಿಸಿ ಹೇಳುವ ಹೊತ್ತಿಗೆ ಚಹಾ ಆರಿ ತಣ್ಣಗಾಗುತ್ತಿತ್ತು. ಈ ಸಲದ ಅವಳ ಆಟಕ್ಕೆ 'ದಬದಬ ದಂಡಯಾತ್ರೆ' ಎಂದು ಹೆಸರು. ಎರಡು ಸೈನ್ಯಗಳನ್ನು ಬಯಲಿನಲ್ಲಿ ಎದುರಾಬದುರಾ ನಿಲ್ಲಿಸಿ ಬಿಟ್ಟರಾಯಿತು, ಅವುಗಳ ಪಾಡಿಗೆ ಅವು ಹೊಡೆದಾಡಿಕೊಳ್ಳುತ್ತವೆ. ಆಡುವವನು ಕೆನ್ನೆಗೆ ಕೈಕೊಟ್ಟು ನೋಡಬೇಕು. ಇದರಲ್ಲಿ ಯಾವ ಸೈನಿಕನೂ ಹೇಳಿಕೊಟ್ಟ ಹಾಗೆ ಬೀಳುವುದಿಲ್ಲ. ತಲೆಗಿಷ್ಟು, ತೋಳಿಗಿಷ್ಟು, ಹೊಟ್ಟೆಗಿಷ್ಟು ಎಂದು ಒಂದೊಂದು ಅಂಗಕ್ಕೂ ಅವಳು ತೂಕ ಕೊಟ್ಟಿದ್ದಳು. ಏಟು ಬಿದ್ದಾಗ ಭೂಮಿ ಯಾವುದನ್ನು ಹೇಗೆ ಎಳೆಯುತ್ತದೋ ಹಾಗೆ ಅವನು ಬೀಳುತ್ತಾನೆ.

"ಇದು ಭೌತಶಾಸ್ತ್ರ, ಅತ್ತೆ," ಎಂದು ಅವಳು ವಿವರಿಸಿದ್ದಳು.

"ನೋಡಿದ್ರೆ ಕುಡಿದವರ ಜಗಳ ಇದ್ದ ಹಾಗಿದೆಯಲ್ಲಮ್ಮ," ಎಂದು ಮೇಷ್ಟ್ರ ತಾಯಿ ಕನ್ನಡಕ ಸರಿಮಾಡಿಕೊಂಡು ಇನ್ನೂ ಹತ್ತಿರ ಬಂದು ಕೂತಿದ್ದರು.

ಬಂಡವಾಳವೆಂದರೆ ಮನೆಯಲ್ಲಿ ಏನಿತ್ತೋ ಅದೇ. ಕತ್ತಿಗಳ ಖಣಖಣ ಶಬ್ದ ಅಡುಗೆಮನೆಯ ಮುಚ್ಚಳಗಳದು. ಸೈನಿಕರ ಶಿರಸ್ತ್ರಾಣಗಳು ಪಾತ್ರೆಗಳು. ಕುದುರೆಗಳಿಗೆ ಬದಲಾಗಿ ಸ್ಟೂಲುಗಳಿದ್ದವು. ಅಶ್ವದಳದವರು ಸ್ಟೂಲಿನ ಮೇಲೆ ಕೂತೇ ಕುಪ್ಪಳಿಸಿಕೊಂಡು ಯುದ್ಧಕ್ಕೆ ಬರುತ್ತಿದ್ದರು.

"ನಾಲ್ಕು ಕಾಲಿನ ನಡಿಗೆ ಕೂರಿಸೋದು ಬಹಳ ಕಷ್ಟ ರೀ," ಎಂದಳು.

"ಸ್ಟೂಲಿಗೂ ನಾಲ್ಕು ಕಾಲಿದೆಯಲ್ಲೇ?"

"ಇದೆ. ಆದ್ರೆ ಅದು ನಡೀತೀನಿ ಅಂತ ಹಟ ಮಾಡಲ್ಲವಲ್ಲ."

ಸೇನಾಪತಿಯೊಬ್ಬ ಬೇಕಾದಾಗ ಅವಳು ಗಂಡನನ್ನೇ ಕಿಟಕಿಯ ಪಕ್ಕ ನಿಲ್ಲಿಸಿ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಳು. ಮೇಷ್ಟ್ರು ಬೇಡ ಬೇಡ ಎನ್ನುತ್ತಲೇ ಅಂಗಿ ಬದಲಿಸಿಕೊಂಡು ಬಂದು ನಿಂತರು. ಮರುದಿನದಿಂದ ಅವರ ನಡಿಗೆಯಲ್ಲಿ ಒಂದು ದಂಡಿನ ಗತ್ತು ಸೇರಿಕೊಂಡಿತು. ತರಕಾರಿ ತರಲು ಹೋದರೂ ಅಂಗಡಿಯ ಮೇಲೆ ದಂಡೆತ್ತಿ ಹೋದವರ ಹಾಗಿರುತ್ತಿತ್ತು.

ಆಟ ಮಾರಾಟಕ್ಕೆಂದು ಇಂಟರ್ನೆಟ್ಟಿನಲ್ಲಿ ಹೊರಗೆ ಬಂತು, ಬಂದು ಮೂಲೆಯಲ್ಲಿ ಕೂತಿತು. ಯಾರೂ ಕೊಳ್ಳಲಿಲ್ಲ. ಕೊಂಡ ನಾಲ್ಕಾರು ಜನ ತಮ್ಮ ಅಭಿಪ್ರಾಯ ಬರೆಯುವ ಜಾಗದಲ್ಲಿ ಹೆಬ್ಬೆಟ್ಟನ್ನು ಕೆಳಗೆ ಮಾಡಿ ಹೋದರು. ಚೆನ್ನಾಗಿದ್ದರೆ ಹೆಬ್ಬೆಟ್ಟು ಮೇಲೆ, ಇಲ್ಲದಿದ್ದರೆ ಕೆಳಗೆ. ಅಲ್ಲಿಯ ಪದ್ಧತಿ ಅದು.

"ಹೋಗಲಿ ಬಿಡೇ," ಎಂದು ಮೇಷ್ಟ್ರು ಸಮಾಧಾನ ಹೇಳಿದರು. "ಹೆಬ್ಬೆಟ್ಟುಗಳ ಮಾತಿಗೆ ಯಾಕೆ ಬೆಲೆ ಕೊಡ್ತೀಯ?"

ಅವಳು ನಗಲಿಲ್ಲ. "ಇದೇ ಕೊನೆ ರೀ. ಇದು ನಡೆದರೆ ನಡೀತು, ಇಲ್ಲಾಂದ್ರೆ ಅಕ್ಕನ ಪರದೆ ಅಂಗಡಿಗೆ ಹೋಗಿ ಬಟ್ಟೆ ಅಳೀತಾ ಕೂರ್ತೀನಿ. ಅಕ್ಕ ಆವಾಗಿಂದ ಕರೀತಾನೇ ಇದಾಳೆ."

ಹೀಗಿರಲಾಗಿ ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಹಲ್ಲುಜ್ಜಿ ಹೊರಗೆ ಬಂದರೆ, ಹೆಂಡತಿ ಮೇಜಿನ ಮೇಲೆ ತಲೆಯಿಟ್ಟು ಅಲುಗಾಡುತ್ತಿದ್ದಾಳೆ. ಅಳುತ್ತಿದ್ದಾಳೆ ಎಂದುಕೊಂಡು ಓಡಿಬಂದರು. ಅವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಇವಳು ಹೀಗೆ ನಕ್ಕು ಎಷ್ಟು ಕಾಲವಾಯಿತು ಎಂದು ಮೇಷ್ಟ್ರಿಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷ ಕಂಪ್ಯೂಟರಿನ ಪರದೆಯ ಮೇಲಿನದನ್ನು ಓದುವ ತನಕ ಮಾತ್ರ ಇತ್ತು.

'ನಿದ್ದೆಗೇಡಿ' ಎಂಬಾತ ಬರೆದಿದ್ದ: "ಸೈನಿಕರಿಗೆ ಮೊಣಕಾಲು ಇದೆಯೋ ಇಲ್ವೋ ದೇವರೇ ಬಲ್ಲ. ಗದೆ ಬೀಸಿದರೆ ಬೀಸಿದವನೇ ಹಾರಿಹೋಗ್ತಾನೆ. ಆದ್ರೆ ಆ ಸೇನಾಪತಿ ಬಿದ್ದಾಗ ಮೀಸೆ ಮಾತ್ರ ಗಾಳೀಲೇ ನಿಂತಿರುತ್ತಲ್ಲ, ಅಷ್ಟಕ್ಕೇ ಕೊಟ್ಟ ಕಾಸು ವಸೂಲಾಯ್ತು."

'ಸೋತವನೇ ಸುಖಿ' ಎಂಬಾತ: "ನಮ್ಮನೇಲಿ ಈಗ ಯಾರೂ ಗೆಲ್ಲೋಕೆ ಆಡಲ್ಲ. ಸೇನಾಪತಿನ ಬೀಳಿಸೋಕೆ ಆಡ್ತೀವಿ. ಅವನು ಬಿದ್ದಮೇಲೂ ಸೈನ್ಯ ಮೀಸೆ ಸುತ್ತ ಸಾಲಾಗಿ ನಿಂತಿರುತ್ತೆ. ಇಂಥ ಸ್ವಾಮಿಭಕ್ತಿ ನಾನೆಲ್ಲೂ ನೋಡಿಲ್ಲ."

ಅದರ ಕೆಳಗೆ 'ಕೆಂಪು ಮಸಿ' ಎಂಬ ಹೆಸರಿನಲ್ಲಿ ಚೊಕ್ಕವಾದ ಒಂದು ಸಾಲು: "ಯುದ್ಧ: ಸಾಧಾರಣ. ಕುದುರೆ: ಗೈರುಹಾಜರು. ಮೀಸೆ: ಅತ್ಯುತ್ತಮ. ಒಟ್ಟಾರೆ ತೃಪ್ತಿಕರ."

ಎಲ್ಲರ ಹೆಬ್ಬೆಟ್ಟೂ ಮೇಲೆ.

"ಏನಿದು?" ಎಂದರು ಮೇಷ್ಟ್ರು. ದನಿ ಡ್ರಿಲ್ಲಿನ ದನಿಯಾಗಿತ್ತು.

"ಅದು... ಎಲ್ಲಾ ಅಂಗಕ್ಕೂ ತೂಕ ಹಾಕಿದ್ದೆ ರೀ. ಮೀಸೆಗೆ ಹಾಕೋದು ಮರೆತುಹೋಯ್ತು. ತೂಕ ಇಲ್ಲದ್ದನ್ನ ಭೂಮಿ ಎಳೆಯಲ್ಲ, ಅದಕ್ಕೇ ಅಲ್ಲೇ ನಿಂತುಬಿಡುತ್ತೆ."

"ಅಂದ್ರೆ ನನ್ನ ಮೀಸೆಗೆ ತೂಕ ಇಲ್ಲ?"

"ಆಟದಲ್ಲಿ ರೀ, ಆಟದಲ್ಲಿ."

"ಮನೇಲೂ ಅಷ್ಟೇ ಬಿಡು," ಎಂದು ಒಳಗಿನಿಂದ ತಾಯಿಯ ದನಿ ಬಂತು. ಆಮೇಲೆ ತಾಯಿಯೇ ಬಂದರು. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆ ಕೇಳಿದ್ದೆ ಕಣೋ. ಕಣ್ಣಾರೆ ನೋಡೋ ಭಾಗ್ಯ ಈ ವಯಸ್ಸಿನಲ್ಲಿ ಬಂತು. ಎಲ್ಲಿ, ಇನ್ನೊಂದು ಸಲ ಬೀಳಿಸಮ್ಮ ಅವನನ್ನ."

ಮೇಷ್ಟ್ರು ಅಂದಿನಿಂದ ಮೌನವ್ರತ ಹಿಡಿದರು. ಉಪ್ಪು ಬೇಕಾದರೆ ಉಪ್ಪಿನ ದಿಕ್ಕಿಗೆ ಮೀಸೆ ತಿರುಗಿಸಿ ತೋರಿಸುತ್ತಿದ್ದರು. ಸಾಲದ್ದಕ್ಕೆ 'ನ್ಯಾಯಪ್ರಿಯ' ಎಂಬ ಹೆಸರಿಟ್ಟುಕೊಂಡು ತಾವೂ ಒಂದು ಅಭಿಪ್ರಾಯ ಬರೆದರು: "ಸೇನಾಪತಿಗಳಾದವರು ಯುದ್ಧದಲ್ಲಿ ಸುಮ್ಮಸುಮ್ಮನೆ ಬೀಳತಕ್ಕದ್ದಲ್ಲ. ಬೀಳಲೇಬೇಕಾದ ಪ್ರಸಂಗ ಒದಗಿದಲ್ಲಿ ಮೀಸೆಸಮೇತರಾಗಿ ಬೀಳತಕ್ಕದ್ದು. ಈ ಲೋಪವನ್ನು ಕೂಡಲೇ ಸರಿಪಡಿಸಬೇಕಾಗಿ ಆಗ್ರಹ." ಅದಕ್ಕೆ ಯಾರೋ ಮಹಾರಾಯ, "ಇದನ್ನ ಬರೆದದ್ದು ಮೀಸೆನೇ ಇರಬೇಕು," ಎಂದು ಉತ್ತರ ಕೊಟ್ಟ. ಆ ಉತ್ತರಕ್ಕೆ ಬಂದ ನಗು ನೋಡಿ ಮೇಷ್ಟ್ರು ಅಂದು ಊಟ ಬಿಟ್ಟರು.

ಕಡೆಗೆ ಹೆಂಡತಿಯೇ ಸೋತಳು. "ಆಯ್ತು ಮಾರಾಯರೇ, ತೂಕ ಹಾಕ್ತೀನಿ, ಊಟ ಮಾಡಿ. ಎಷ್ಟು ಹಾಕಲಿ?"

ಮೇಷ್ಟ್ರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಅವಳು ಹಾಕಿದ್ದಕ್ಕೆಲ್ಲ "ಇನ್ನೂ ಸ್ವಲ್ಪ" ಎಂದರು.

"ಇಷ್ಟು ಸಾಕು ರೀ, ಇದಾಗಲೇ ತೋಳಿನ ತೂಕ ಆಯ್ತು."

"ನನ್ನ ಮೀಸೆ ಕಣೇ ಅದು. ಇನ್ನೂ ಸ್ವಲ್ಪ."

"ಆಡಿಸಿ ನೋಡಿ ಆಮೇಲೆ ಬಿಡೋಣ."

"ತೂಕದ ಮನುಷ್ಯನನ್ನ ಯಾರೂ ಪರೀಕ್ಷೆ ಮಾಡಲ್ಲ. ಬಿಡು ಹೊರಗೆ."

ಅವಳು ಬಿಟ್ಟಳು. ಮೇಷ್ಟ್ರು ಬಹಳ ದಿನಗಳ ಮೇಲೆ ಗೊರಕೆ ಹೊಡೆದು ನಿದ್ದೆ ಮಾಡಿದರು.

ಆದದ್ದಿಷ್ಟು. ಯುದ್ಧದ ಕಹಳೆ ಊದಿದ ಕೂಡಲೇ ಸೇನಾಪತಿ ಮೀಸೆಯ ಭಾರ ತಾಳಲಾರದೆ ಮುಂದಕ್ಕೆ ಬಾಗುತ್ತಿದ್ದ. ಇನ್ನೂ ಬಾಗುತ್ತಿದ್ದ. ಆಮೇಲೆ ಶತ್ರುಗಳ ಎದುರಿಗೆ ಮೂತಿ ಮಣ್ಣಿಗಿಟ್ಟು ಹಾಗೇ ಇದ್ದುಬಿಡುತ್ತಿದ್ದ. "ಯುದ್ಧಕ್ಕೆ ಮುಂಚೇನೇ ಶರಣಾಗತಿ," ಎಂದು ಬರೆದ ನಿದ್ದೆಗೇಡಿ. "ನಮ್ಮ ಮೀಸೆ ನಮಗೆ ವಾಪಸ್ ಕೊಡಿ," ಎಂದ ಸೋತವನೇ ಸುಖಿ. ಅವನ ಹಿಂದೆ ಅದೇ ಮಾತು ಬರೆದವರ ದೊಡ್ಡ ಸಾಲು. ಕೆಂಪು ಮಸಿಯದು ಎಂದಿನಂತೆ ಚುಟುಕು: "ಮೀಸೆ: ಅನುತ್ತೀರ್ಣ. ಪೋಷಕರನ್ನು ಕರೆದುಕೊಂಡು ಬರತಕ್ಕದ್ದು." ಹೆಬ್ಬೆಟ್ಟುಗಳೆಲ್ಲ ಒಂದೊಂದಾಗಿ ಕೆಳಗೆ ತಿರುಗಿದವು.

ಹೆಂಡತಿ ಜಗಳವಾಡಿದ್ದರೆ ಮೇಷ್ಟ್ರು ಎದುರಿಸುತ್ತಿದ್ದರು. ಅದರಲ್ಲಿ ಅವರಿಗೆ ವರ್ಷಗಳ ಅನುಭವವಿತ್ತು. ಅವಳು ಅದರ ಬದಲು ಕಂಪ್ಯೂಟರಿನ ಮೇಲೆ ಒಂದು ಹಳೆಯ ದಿಂಬಿನ ಚೀಲ ಹೊದಿಸಿ, ಅದನ್ನು ಕೋಣೆಯ ಮೂಲೆಗೆ ಸರಿಸಿ, ಅಕ್ಕನಿಗೆ ಫೋನ್ ಮಾಡಿ, "ಅಂಗಡಿ ಎಷ್ಟೊತ್ತಿಗೆ ತೆಗೀತೀರ ಅಕ್ಕಾ?" ಎಂದು ಕೇಳಿದಳು. ಆ ದನಿ ಕೇಳಿ ಮೇಷ್ಟ್ರು ತಿರುಗಿ ನೋಡಿದರು. ಊಟದ ಮೇಜು ಪೂರ್ತಿ ಖಾಲಿಯಾಗಿ ಕಾಣುತ್ತಿತ್ತು. ಇಷ್ಟು ವರ್ಷ ಆ ಕಂಪ್ಯೂಟರಿನಿಂದ ತಟ್ಟೆ ಇಡಲು ಜಾಗವಿಲ್ಲ ಎಂದು ಗೊಣಗಿದವರು ಅವರೇ. ಈಗ ಬೇಕಾದಷ್ಟು ಜಾಗವಿತ್ತು, ತಟ್ಟೆ ಇಡಲು ಮನಸ್ಸಿರಲಿಲ್ಲ.

"ತಾನೂ ಬಿದ್ದ, ಅವಳನ್ನೂ ಬೀಳಿಸಿದ," ಎಂದು ತಾಯಿ ಗೋಡೆಗೆ ಹೇಳಿದರು.

ಮೇಷ್ಟ್ರು ಎದ್ದು ಹೋಗಿ ದಿಂಬಿನ ಚೀಲ ತೆಗೆದರು. "ನೋಡು, ತೂಕ ತೆಗಿ."

"ಏನು?"

"ಮೀಸೆದು. ಮೊದಲಿದ್ದ ಹಾಗೆ ಸೊನ್ನೆ ಮಾಡು."

"ಜನ ನಗ್ತಾರೆ ರೀ."

"ನಗಲಿ. ನೀನೂ ನಕ್ಕೆಯಲ್ಲ ಅವತ್ತು. ಅದು ಚೆನ್ನಾಗಿತ್ತು." ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆದ್ರೆ ಅದು ನನ್ನ ಮೀಸೆ ಅಂತ ಹೊರಗೆ ಯಾರಿಗೂ ಗೊತ್ತಾಗಬಾರದು."

ಅವಳು ಗಂಡನ ಮೀಸೆಯ ಒಂದು ತುದಿಯನ್ನು ಬೆರಳಿನಿಂದ ಸರಿಮಾಡಿ, ಕೆಲಸಕ್ಕೆ ಕೂತಳು. ಸೇನಾಪತಿ ಮತ್ತೆ ಬಿದ್ದ, ಮೀಸೆ ಮತ್ತೆ ನಿಂತಿತು, ಹೆಬ್ಬೆಟ್ಟುಗಳು ಮತ್ತೆ ಎದ್ದವು. ಈ ಸಲ ಎದ್ದವು ಇಳಿಯಲೇ ಇಲ್ಲ. ಪರದೆ ಅಂಗಡಿಯ ಅಕ್ಕ ಕೂಡ ಗಿರಾಕಿಗಳಿಲ್ಲದಾಗ ಅದನ್ನೇ ಆಡುತ್ತಾಳೆಂದು ಸುದ್ದಿ ಬಂತು. ಮೇಷ್ಟ್ರು ಲೋಕಕಲ್ಯಾಣಕ್ಕೆ ಮೀಸೆ ಧಾರೆಯೆರೆದ ತ್ಯಾಗಮೂರ್ತಿಯ ಹಾಗೆ ಮನೆಯಲ್ಲಿ ಓಡಾಡಿಕೊಂಡಿದ್ದರು. ಗುಟ್ಟು ಹೊರಗೆ ಹೋಗಿಲ್ಲವೆಂಬ ನೆಮ್ಮದಿಯೂ ಇತ್ತು. (ಆ ಮೀಸೆಯನ್ನು ದಿನವೂ ಮೂತಿಯ ಮೇಲಿಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದೇನೆಂಬುದು ಅವರಿಗೆ ಹೊಳೆಯಲೇ ಇಲ್ಲ.)

ಶಾಲೆಯ ಕ್ರೀಡಾಕೂಟ ಬಂತು. ಹಿಂದಿನ ಸಂಜೆ ಮಳೆ ಬಂದು ಮೈದಾನ ಮೆತ್ತಗಾಗಿತ್ತು. ಪಥಸಂಚಲನದ ಮುಂದೆ ಮೇಷ್ಟ್ರು, ಎದೆ ಉಬ್ಬಿಸಿ, ಬೆನ್ನು ನೆಟ್ಟಗೆ, ಮೀಸೆ ಇನ್ನೂ ನೆಟ್ಟಗೆ. ವೇದಿಕೆಯ ಎದುರು ಬಂದು, ಮುಖ್ಯೋಪಾಧ್ಯಾಯಿನಿಯವರಿಗೆ ವಂದನೆ ಸಲ್ಲಿಸಲು ಕಾಲು ಎತ್ತಿ ಅಪ್ಪಳಿಸಿದರು. ಕಾಲು ಜಾರಿತು. ಮೇಷ್ಟ್ರು ಮೊದಲು ಹಿಂದಕ್ಕೆ, ಆಮೇಲೆ ಪಕ್ಕಕ್ಕೆ, ಕಡೆಗೆ ಮುಂದಕ್ಕೆ ವಾಲಿ, ಭೌತಶಾಸ್ತ್ರದ ಸಕಲ ನಿಯಮಗಳಿಗೂ ಮರ್ಯಾದೆ ಕೊಟ್ಟು ದಬ್ಬೆಂದು ಬಿದ್ದರು.

ಈಗ ನಗು ಏಳುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡು ಕಾದರು. ಏಳಲಿಲ್ಲ. ಅನುಮಾನಗೊಂಡು ಒಂದು ಕಣ್ಣು ತೆರೆದರು. ಬಿದ್ದ ಮೇಷ್ಟ್ರನ್ನು ಯಾರೂ ನೋಡುತ್ತಿರಲಿಲ್ಲ. ಇಡೀ ಶಾಲೆ, ಮಕ್ಕಳು, ಗಣಿತದ ಮೇಷ್ಟ್ರು, ಗೇಟಿನ ಕಾವಲುಗಾರ, ಎಲ್ಲರೂ ಕತ್ತು ಚಾಚಿ ಉಸಿರು ಬಿಗಿಹಿಡಿದು, ಅವರು ನಿಂತಿದ್ದ ಜಾಗದ ಮೇಲೆ ತುಟಿಯೆತ್ತರದ ಗಾಳಿಯನ್ನು ನೋಡುತ್ತಿದ್ದರು. ಮೇಷ್ಟ್ರೂ ತಡೆಯಲಾರದೆ ತಲೆಯೆತ್ತಿ ಅಲ್ಲಿಗೇ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಕೈ ತನ್ನಷ್ಟಕ್ಕೆ ಮೂತಿಯ ಕಡೆ ಹೋಯಿತು. ಮೀಸೆ ಇದ್ದಲ್ಲೇ ಇತ್ತು, ತುದಿಯಿಂದ ತುದಿಗೆ ಮಣ್ಣಾಗಿತ್ತು.

ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ಕೆಳಗಿಳಿಸಿ, ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಎದುರಿನ ಮೈಕು ಚಾಲೂ ಇದೆಯೆಂಬುದನ್ನು ಮರೆತು, ತಮಗೆ ತಾವೇ ಎಂಬಂತೆ ಮೆಲ್ಲಗೆ ಹೇಳಿಕೊಂಡರು:

"ಬೀಳುವಿಕೆ: ಉತ್ತಮ. ಮೀಸೆ: ತೃಪ್ತಿಕರವಲ್ಲ."