ಇನ್ನೂರ ಮೂವತ್ತು ಪದಗಳ ಅತ್ತೆ

ಹೊಗಳಿಕೆ ತಮಗೆ ಬೇಡ ಎನ್ನುವವರನ್ನು ಕಂಡರೆ ನನಗೆ ವಿಪರೀತ ಗೌರವ, ಆದರೆ ನಂಬಿಕೆ ಮಾತ್ರ ಇಲ್ಲ. ನನ್ನ ಕಥೆ ಹೇಳುವುದಾದರೆ, ಯಾರಾದರೂ ‘ಅಂಗಿ ಚಲೋ ಐತಿ’ ಎಂದರೆ ಆ ಅಂಗಿಯನ್ನು ಮೂರು ದಿನ ಒಗೆಯಲು ಹಾಕುವುದಿಲ್ಲ. ಇಂಥ ಮನುಷ್ಯನಿಗೆ ಬರೆಯುವ ಚಟ ಅಂಟಿ, ಬರೆದದ್ದಕ್ಕೆ ಎಣಿಸಲು ಬರುವಂಥ ಹೊಗಳಿಕೆ ಸಿಗತೊಡಗಿದರೆ ಆತ ಏನೇನು ಮಾಡಿಯಾನು ಎಂಬುದನ್ನು ಇವತ್ತು ಒಪ್ಪಿಕೊಂಡುಬಿಡುತ್ತೇನೆ.

ಎರಡು ಸಾವಿರದ ಏಳೆಂಟರ ಮಾತು. ಆಗ ನಾನು ಕೊಟ್ಟೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಇಂಟರ್‌ನೆಟ್ ಅಂಗಡಿ ಶುರುವಾಗಿತ್ತು. ಪ್ರತಿ ಗುರುವಾರ ಸಂಜೆ ಅಲ್ಲಿಗೆ ಹೋಗಿ, ಒಂದು ಕನ್ನಡ ಬ್ಲಾಗ್ ತಾಣದಲ್ಲಿ ನನ್ನದೊಂದು ಬರಹ ಹಾಕಿ ಬರುತ್ತಿದ್ದೆ. ಓದಿದವರು ಇಷ್ಟವಾದರೆ ಅದಕ್ಕೆ ನಕ್ಷತ್ರ ಕೊಡಬಹುದಿತ್ತು. ತಿಂಗಳಲ್ಲಿ ಅತಿ ಹೆಚ್ಚು ನಕ್ಷತ್ರ ಪಡೆದವರ ಹೆಸರನ್ನು ಮೊದಲ ಪುಟದಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ ಹಾಕುತ್ತಿದ್ದರು. ಆ ಹೂಬಳ್ಳಿ ನೋಡಿದ ದಿನದಿಂದ ನನಗೆ ಊಟ ರುಚಿಸಲಿಲ್ಲ ಎಂದರೆ ಸುಳ್ಳಾದೀತು, ಊಟ ಮಾಡುತ್ತಲೇ ಅದರ ಬಗ್ಗೆ ಯೋಚಿಸುತ್ತಿದ್ದೆ.

ನನ್ನ ಬರಹಗಳಿಗೆ ಒಂದು ವಾರ ಎರಡು ನಕ್ಷತ್ರ, ಇನ್ನೊಂದು ವಾರ ನಲವತ್ತು. ಯಾಕೆ ಹೀಗೆ? ಬೇರೆ ಲೇಖಕನಾಗಿದ್ದರೆ ಆತ್ಮಾವಲೋಕನ ಮಾಡಿಕೊಳ್ಳುತ್ತಿದ್ದ. ನಾನು ಸಂಖ್ಯಾಶಾಸ್ತ್ರದವನು, ಗ್ರಾಫ್ ಹಾಳೆ ತಂದೆ. ಪ್ರತಿ ಬರಹದ ಉದ್ದ ಒಂದು ಕಡೆ, ಅದಕ್ಕೆ ಬಂದ ನಕ್ಷತ್ರ ಇನ್ನೊಂದು ಕಡೆ. ಪದ ಎಣಿಸುವ ಕೆಲಸಕ್ಕೆ ನನ್ನ ಹೆಂಡತಿ ಗಿರಿಜಾಳನ್ನು ಕೂಡಿಸಿಕೊಂಡೆ. ನಾನು ಒಂದೊಂದೇ ಪದ ಓದುವುದು, ಅವಳು ಬುಟ್ಟಿಗೆ ಒಂದೊಂದೇ ಹುಣಸೆ ಬೀಜ ಹಾಕುವುದು. ಮೂರನೇ ಬರಹ ಮುಗಿಯುವಾಗ ಅವಳು, “ಅಲ್ರೀ, ಇದು ಒಂದೂ ನಾ ಓದಿರಲಿಲ್ಲ ನೋಡ್ರಿ. ಹಿಂಗ ಬಿಡಿಬಿಡಿಯಾಗಿ ಕೇಳಿದ್ರ ಅಷ್ಟೇನ್ ಬ್ಯಾಸರ ಆಗಂಗಿಲ್ಲ,” ಎಂದಳು. ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಎರಡು ಭಾನುವಾರ ಕಳೆಯುವಷ್ಟರಲ್ಲಿ ಗ್ರಾಫು ಮಾತಾಡಿತು. ಉದ್ದನೆಯ ಬರಹಗಳೆಲ್ಲ ಬಡಕಲು. ನಕ್ಷತ್ರದ ಸುರಿಮಳೆಯಾದದ್ದೆಲ್ಲ ಇನ್ನೂರ ಮೂವತ್ತು ಪದದ ಆಸುಪಾಸಿನವಕ್ಕೆ. ನಾನು ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಸಾಹಿತ್ಯದ ಗುಟ್ಟು ಇಷ್ಟು ವರ್ಷ ಎಲ್ಲರ ಕಣ್ಣು ತಪ್ಪಿಸಿ ಕೊಟ್ಟೂರಿನಲ್ಲಿ ನನಗಾಗಿ ಕಾದು ಕೂತಿತ್ತು ಅನ್ನಿಸಿತು. ಇನ್ನು ಮುಂದೆ ಬರೆದರೆ ಇನ್ನೂರ ಮೂವತ್ತೇ ಪದ, ಹೆಚ್ಚಿಲ್ಲ, ಕಡಿಮೆ ಇಲ್ಲ ಎಂದು ನಿರ್ಧರಿಸಿದೆ.

ಈ ನಿಯಮಕ್ಕೆ ಮೊದಲು ಸಿಕ್ಕವಳು ಇಟ್ಟಿಗಿಯಲ್ಲಿರುವ ನನ್ನ ಸೋದರತ್ತೆ ಗೌರಮ್ಮ. ಹಿಂದೊಮ್ಮೆ ಅವಳು ಹಸಿ ಶೇಂಗಾ ಲೆಕ್ಕವಿಲ್ಲದಷ್ಟು ತಿಂದು ಹೊಟ್ಟೆನೋವು ಬರಿಸಿಕೊಂಡಾಗ, ನಾವೆಲ್ಲ ಗಾಬರಿಯಾಗಿ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಸಂಜೆಯ ಹೊತ್ತಿಗೆ ಅವಳು ಗುಣವಾಗಿ, ಹಾಸಿಗೆಯ ಮೇಲೆ ಕೂತು ನರ್ಸಮ್ಮನಿಗೆ ಗುರೆಳ್ಳು ಚಟ್ನಿ ಕುಟ್ಟುವ ವಿಧಾನ ಹೇಳಿಕೊಡುತ್ತಿದ್ದಳು. ಅದನ್ನೇ ತಮಾಷೆಯಾಗಿ ಬರೆದಿದ್ದೆ. ಎಣಿಸಿ ನೋಡಿದರೆ ಏಳುನೂರು ದಾಟಿತ್ತು. ಯಾವುದನ್ನು ತೆಗೆಯಲಿ, ಎಲ್ಲವೂ ಮುದ್ದಾದ ವಾಕ್ಯಗಳೇ. ಕೊನೆಗೆ ಇನ್ನೂರ ಮೂವತ್ತನೆಯ ಪದದ ಮುಂದೆ ಗೆರೆ ಎಳೆದು ಅಲ್ಲಿಗೆ ಮುಗಿಸಿದೆ. ಆ ಜಾಗ ಹೀಗಿತ್ತು: ‘ಅತ್ತೆಯನ್ನು ಮೆಲ್ಲಗೆ ಎತ್ತಿ ಬಸ್ಸು ಹತ್ತಿಸಿದೆವು. ಮೆಟ್ಟಿಲ ಮೇಲೆ ನಿಂತು ಆಕೆ ಒಮ್ಮೆ ತಿರುಗಿ ಮನೆಯ ಕಡೆ ನೋಡಿದಳು.’ ಮುಂದಿನ ವಾಕ್ಯದಲ್ಲಿ ಅವಳು ಪಕ್ಕದ ಮನೆಯವಳಿಗೆ ‘ಎಮ್ಮಿಗೆ ನೀರು ಕುಡಸು’ ಎಂದು ಕೂಗಿದ್ದು ಗೆರೆಯ ಆಚೆ ಉಳಿಯಿತು.

ಮರುದಿನ ಹೋಗಿ ನೋಡಿದರೆ ಎಪ್ಪತ್ತೊಂದು ನಕ್ಷತ್ರ. ಕೆಳಗೆ ಪ್ರತಿಕ್ರಿಯೆಗಳ ಸಾಲು. ‘ಕಣ್ಣು ತುಂಬಿ ಬಂತು.’ ‘ಆ ಕೊನೆಯ ನೋಟ ಮರೆಯಲಾರೆ.’ ‘ಹಿರಿಯ ಜೀವಕ್ಕೆ ಶಾಂತಿ ಸಿಗಲಿ.’ ನಾನು ಕೂಡಲೇ, ಅತ್ತೆ ಆರಾಮಾಗಿದ್ದಾಳೆ ಎಂದು ಬರೆಯಬೇಕಿತ್ತು. ಬೆರಳುಗಳು ಕೀಲಿಮಣೆಯವರೆಗೂ ಹೋದವು. ‘ನಿಮ್ಮ ಪ್ರೀತಿಗೆ ಋಣಿ’ ಎಂದು ಬರೆದು ಮನೆಗೆ ಬಂದೆ.

ಭಾನುವಾರ ಇಟ್ಟಿಗಿಯಿಂದ ಫೋನ್ ಬಂತು.

“ಲೇ ತಮ್ಮಾ, ನಾ ಸತ್ತೀನಂತ, ಖರೇ ಏನು?” ಎಂದಳು ಅತ್ತೆ.

“ಇಲ್ಲಬೇ ಅತ್ತಿ, ಹಂಗ ಬರದಿಲ್ಲ ನಾನು.”

“ಸಾಲಿ ಮಾಸ್ತರು ಮುಂಜಾನಿ ಬಂದಿದ್ರು. ಅದೇನೋ ಕಂಪ್ಯೂಟರಿನ್ಯಾಗ ಓದ್ಯಾರಂತ. ಬಾಗಲದಾಗ ನನ್ನ ನೋಡಿದವರು ಹಂಗ ನಿಂತುಬಿಟ್ರು. ಒಳಗ ಕರದು ಚಾ ಕೊಟ್ಟೆ. ಚಾ ಕುಡಕೊಂತ ಸಮಾಧಾನ ಮಾಡ್ಕೋಬೇಕಮ್ಮ ಅಂತಾರ. ಯಾರು ಹೋದ್ರು ಅಂತ ಕೇಳಿದ್ರ ಮದ್ಲ ಹೇಳವಲ್ರು, ಕಡೀಗೆ ‘ನೀವೇ’ ಅಂದ್ರು, ನೀ ಬರದದ್ದಂತ.”

ನಾನು ಪದಗಳ ಲೆಕ್ಕವನ್ನೂ ನಕ್ಷತ್ರದ ಲೆಕ್ಕವನ್ನೂ ವಿವರಿಸಿದೆ. ಗ್ರಾಫಿನ ಬಗ್ಗೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, “ಅಷ್ಟು ಪದ ಬರದಿ. ನಾ ವಾಪಸ್ ಮನಿಗಿ ಬರಾಕ ನಿನ್ನ ಹತ್ರ ನಾಕು ಪದ ಉಳೀಲಿಲ್ಲೇನು?” ಎಂದಳು. ನಾನು ಚಿಕ್ಕವನಿದ್ದಾಗ ರಜೆಗೆ ಅವಳ ಊರಿಗೆ ಹೋದರೆ ವಾಪಸ್ ಬರುವಾಗ ಜೇಬಿನ ತುಂಬ ಶೇಂಗಾ ತುಂಬಿ ಕಳಿಸುತ್ತಿದ್ದ ಹೆಂಗಸು ಅವಳು. ಪೂರ್ತಿ ಬರೆದು ಹಾಕುತ್ತೇನೆ ಎಂದು ಮಾತು ಕೊಟ್ಟೆ. ಆದರೂ ಫೋನ್ ಇಟ್ಟ ಮೇಲೆ, ಇಷ್ಟು ಒಳ್ಳೆಯ ನಿಯಮವನ್ನು ಮುರಿಯಬೇಕಲ್ಲ ಎಂಬ ಸಂಕಟ ಹೋಗಲಿಲ್ಲ.

ಆ ಸಂಕಟದಲ್ಲೇ ಸೋಮವಾರ ದ್ವಿತೀಯ ಪಿಯುಸಿ ತರಗತಿಗೆ ಹೋದೆ. ಪಾಠ ಸಹಸಂಬಂಧದ್ದು, ಅಂದರೆ ಒಂದು ಸಂಖ್ಯೆ ಏರಿದರೆ ಇನ್ನೊಂದು ಏರುತ್ತದೋ ಇಳಿಯುತ್ತದೋ ಎಂದು ನೋಡುವ ಪಾಠ. ನನ್ನದೇ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ಬರಹ ಗಿಡ್ಡವಾದಷ್ಟೂ ನಕ್ಷತ್ರ ಏರುವುದನ್ನು ತೋರಿಸಿದೆ. “ಇದರಿಂದ ಏನು ತಿಳೀತದ?” ಎಂದು ಕೇಳಿದೆ. ಎಲ್ಲರೂ ಡೆಸ್ಕು ನೋಡುತ್ತಿದ್ದರು. ಕೂಡ್ಲಿಗಿ ಕಡೆಯ ಹಳ್ಳಿಯಿಂದ ಬಸ್ಸಿಗೆ ಬರುವ ನಾಗವೇಣಿ ಎದ್ದು ನಿಂತಳು. ಲೆಕ್ಕದಲ್ಲಿ ತಪ್ಪು ಕಂಡರೆ ಸುಮ್ಮನಿರಲಾಗದ ಹುಡುಗಿ.

“ಸರ್, ಇನ್ನೊಂದು ಕಾಲಂ ಹಾಕ್ಬೇಕ್ರಿ.”

“ಯಾವುದು?”

“ಶನಿವಾರ ಟೆಸ್ಟ್ ಇತ್ತೋ ಇಲ್ಲೋ ಅನ್ನೋದು.”

ಅವಳೇ ಬಂದು ಬರೆದಳು. ನಕ್ಷತ್ರ ಸುರಿದ ವಾರಗಳಲ್ಲೆಲ್ಲ ಟೆಸ್ಟ್ ಇತ್ತು. ಬಾರದ ವಾರಗಳಲ್ಲಿ ಇರಲಿಲ್ಲ. ವಿವರಣೆಯನ್ನೂ ಅವಳೇ ಕೊಟ್ಟಳು, ಹೆದರುತ್ತಲೇ ಆದರೂ ಒಂದು ಹೆಜ್ಜೆಯನ್ನೂ ಬಿಡದೆ. ಟೆಸ್ಟ್ ಇಟ್ಟ ವಾರ ನಾನು ಪ್ರಶ್ನೆಪತ್ರಿಕೆ ತಯಾರಿಸುವ ಗಡಿಬಿಡಿಯಲ್ಲಿ ಗಿಡ್ಡ ಬರಹ ಬರೆಯುತ್ತೇನೆ. ಅದೇ ವಾರ ಇವರೆಲ್ಲ ಇಂಟರ್‌ನೆಟ್ ಅಂಗಡಿಗೆ ಹೋಗಿ, ಬೇರೆ ಬೇರೆ ಹೆಸರಲ್ಲಿ ನಕ್ಷತ್ರ ಒತ್ತಿ ಬರುತ್ತಾರೆ. “ಯಾಕಂದ್ರ ಸರ್, ನಕ್ಷತ್ರ ಬಂದ್ರ ನೀವು ಖುಷಿಯಾಗಿ ಟೆಸ್ಟ್ ಮುಂದಕ್ಕ ಹಾಕ್ತೀರಿ.”

ನನ್ನ ಖಾಯಂ ಓದುಗರಲ್ಲಿ ‘ಮುಂಜಾವು’ ಎಂಬೊಬ್ಬರಿದ್ದರು. ಮೃದು ಮನಸ್ಸಿನ, ತುಂಬಾ ಓದಿಕೊಂಡ ಯಾರೋ ಮೈಸೂರಿನ ಹಿರಿಯರಿರಬೇಕು ಎಂದು ಕಲ್ಪಿಸಿಕೊಂಡು, ಎಷ್ಟೋ ವಾಕ್ಯಗಳನ್ನು ಅವರಿಗಾಗಿಯೇ ತಿದ್ದಿದ್ದೆ. “ಮುಂಜಾವು ಯಾರು?” ಎಂದು ಕೇಳಿದೆ. ಕೊನೆಯ ಬೆಂಚಿನಿಂದ ಹರಪನಹಳ್ಳಿಯ ಮಂಜುನಾಥ ನಿಧಾನಕ್ಕೆ ಎದ್ದು ನಿಂತ. ಅವನು ಕಳೆದ ಸಲ ಸಂಖ್ಯಾಶಾಸ್ತ್ರದಲ್ಲಿ ತೆಗೆದ ಅಂಕವನ್ನು ಇಲ್ಲಿ ಹೇಳುವುದಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ತಡೆದುಕೊಳ್ಳಲು ಬೋರ್ಡಿನ ಕಡೆ ತಿರುಗಿದರೆ ಅಲ್ಲಿ ನಾಗವೇಣಿಯ ಕಾಲಂ ಇತ್ತು, ಇನ್ನಷ್ಟು ನಗು ಬಂತು. ಕೊನೆಗೆ ಇಡೀ ತರಗತಿ ನಕ್ಕಿತು, ಪಕ್ಕದ ಕೋಣೆಯ ಕನ್ನಡ ಮೇಷ್ಟ್ರು ಬಂದು ಇಣುಕಿ ಹೋದರು. ಸಹಸಂಬಂಧದ ಪಾಠ ನಮ್ಮ ಕಾಲೇಜಿನಲ್ಲಿ ಅಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ, ಕಲಿಸಿದ್ದು ನಾನಲ್ಲ ಅಷ್ಟೇ. ಇನ್ನು ಟೆಸ್ಟ್ ಮುಂದಕ್ಕೆ ಹಾಕುವ ಮಾತೇ ಇಲ್ಲ, ಈ ಶನಿವಾರವೇ ಇದೆ ಎಂದು ಹೇಳಿ ಹೊರಬಂದೆ.

ಗುರುವಾರ ಅತ್ತೆಯ ಬರಹವನ್ನು ಪೂರ್ತಿ ಹಾಕಿದೆ. ಎಮ್ಮೆ, ಶೇಂಗಾ, ನರ್ಸಮ್ಮ, ಚಟ್ನಿ ಎಲ್ಲ ಸೇರಿ, ಕೊನೆಗೆ ಅವಳು ಸಂಜೆಯ ಬಸ್ಸಿಗೆ ಇಟ್ಟಿಗಿಗೆ ಮರಳುವವರೆಗೆ. ಪದ ಎಣಿಸಲಿಲ್ಲ. ಎದ್ದು ಬರುವ ಮುಂಚೆಯೇ ನಾಲ್ಕು ನಕ್ಷತ್ರ ಬಂದವು, ನಾಲ್ಕೂ ನನಗೆ ಗುರುತಿಲ್ಲದ ಹೆಸರುಗಳು. ಎಪ್ಪತ್ತೊಂದರಿಂದ ಸಿಗದ ಸುಖ ಆ ನಾಲ್ಕರಿಂದ ಸಿಕ್ಕಿತು. ಅತ್ತೆಗೆ ಫೋನ್ ಮಾಡಿ, “ವಾಪಸ್ ಬಂದಿ ನೋಡಬೇ,” ಎಂದೆ. “ಮಾಸ್ತರಿಗೂ ಹೇಳು, ಪಾಪ,” ಎಂದಳು.

ಶುಕ್ರವಾರ ಮತ್ತೆ ಹೋಗಿ ನೋಡಿದೆ. ನಾಲ್ಕು ಐವತ್ತೆರಡಾಗಿತ್ತು. ಎಲ್ಲಕ್ಕಿಂತ ಮೇಲೆ ಮುಂಜಾವು: ‘ಅತ್ತೆ ಮನೆಗೆ ಮರಳಿದ್ದು ಓದಿ ಮನಸ್ಸು ತಂಪಾಯಿತು. ಇಂಥ ಗುರುಗಳ ಲೇಖನಿಗೆ ನಮನ.’ ಬರೆದವನು ಯಾರೆಂದು ಗೊತ್ತು, ಯಾಕೆ ಬರೆದನೆಂದೂ ಗೊತ್ತು, ಮರುದಿನ ಟೆಸ್ಟ್ ಇದೆಯೆಂದೂ ಗೊತ್ತು. ಆದರೂ ಅದನ್ನು ಮೂರು ಸಲ ಓದಿದೆ.

ಶನಿವಾರ ತರಗತಿಗೆ ಹೋದಾಗ ಎಲ್ಲರೂ ಹಾಳೆ, ಪೆನ್ನು ತೆಗೆದಿಟ್ಟುಕೊಂಡು ವಿಧೇಯರಾಗಿ ಕೂತಿದ್ದರು. ಪ್ರಶ್ನೆಪತ್ರಿಕೆಯ ಕಟ್ಟು ನನ್ನ ಕೈಯಲ್ಲೇ ಇತ್ತು. ಒಂದು ಕ್ಷಣ ನಿಂತೆ. “ಹಾಳಿ ಒಳಗ ಇಡ್ರಿ. ಇನ್ನೂ ಸ್ವಲ್ಪ ಓದಿಕೊಳ್ಳಿ, ಮುಂದಿನ ವಾರ ನೋಡೋಣ,” ಎಂದೆ. ಎಲ್ಲರೂ ಹಾಳೆ ಒಳಗಿಟ್ಟರು. ನಾಗವೇಣಿ ಮಾತ್ರ ತನ್ನ ನೋಟ್‌ಬುಕ್ ತೆರೆದು, ಗೆರೆ ಹಾಕಿದ ಪಟ್ಟಿಯೊಂದರ ಕೆಳಗೆ ಇನ್ನೊಂದು ಸಾಲು ಬರೆದುಕೊಂಡಳು.